ಹಾಡಬಾರದ ಮರ

ಬಂಕಾಪುರ, ಶಿಗ್ಗಾವಿ, ಹಾನಗಲ್ ಸೀಮೆಯಲ್ಲಿ ಮನೆಗೆಂದು ಸ್ಪೀಕರ್ ಬಾಕ್ಸ್ ಮಾಡಿಸಲು ಹೊರಟವರಿಗೆ ಮೊದಲು ಸಿಗುವ ಸಲಹೆ ಸಾಗವಾನಿಯದು. ಈ ಸಲಹೆ ಸುಮ್ಮನೆ ಹುಟ್ಟಿದ್ದಲ್ಲ. ಬಂಕಾಪುರ ನಿಂತಿರುವುದೇ ಎರಡು ನೆಲಗಳ ನಡುವೆ. ಪೂರ್ವಕ್ಕೆ ಸವಣೂರಿನ ಬಯಲು, ಅಲ್ಲಿ ಚಕ್ಕಡಿಗೂ ಕೂರಿಗೆಗೂ ಜಾಲಿ. ಪಶ್ಚಿಮಕ್ಕೆ ಹಾನಗಲ್ ದಾಟಿದರೆ ಮುಂಡಗೋಡ, ಯಲ್ಲಾಪುರ, ದಾಂಡೇಲಿಯ ಕಡೆಗೆ ಹಬ್ಬಿದ ಸಾಗವಾನಿಯ ಕಾಡು. ಬಾಗಿಲ ಚೌಕಟ್ಟು, ಮಂಚ, ತೊಟ್ಟಿಲು, ದೇವರ ಮಂಟಪ, ಹೀಗೆ ಮನೆತನದ ಗೌರವ ಹೊರುವ ವಸ್ತುಗಳೆಲ್ಲ ಇಲ್ಲಿ ಸಾಗವಾನಿಯಲ್ಲೇ ಆಗಬೇಕು. ಗೆದ್ದಲು ಅದನ್ನು ಸುಲಭಕ್ಕೆ ಮುಟ್ಟುವುದಿಲ್ಲ, ಮಳೆಗೆ ಬೇಗ ಕೆಡುವುದಿಲ್ಲ, ಉಳಿಗೆ ಒಗ್ಗುತ್ತದೆ, ಪಾಲಿಶ್‌ಗೆ ಹೊಳೆಯುತ್ತದೆ. ಇಷ್ಟು ಗುಣವಿರುವ ಮರ ಸ್ಪೀಕರ್ ಪೆಟ್ಟಿಗೆಗೂ ಒಳ್ಳೆಯದೇ ಇರಬೇಕು ಎಂಬ ತರ್ಕ ಸಹಜವಾಗಿ ಬರುತ್ತದೆ. ಆದರೆ ಬಾಗಿಲಿಗೆ ಬೇಕಾದ ಗುಣಗಳೇ ಬೇರೆ, ಪೆಟ್ಟಿಗೆಗೆ ಬೇಕಾದವೇ ಬೇರೆ. ಅಗಲವಾದ ಸಾಗವಾನಿ ಹಲಗೆಗಳನ್ನು ಕೂಡಿಸಿ ಮಾಡಿದ ಪೆಟ್ಟಿಗೆ ಅದೇ ಅಳತೆಯ ಒಳ್ಳೆಯ ಪ್ಲೈವುಡ್ ಪೆಟ್ಟಿಗೆಗಿಂತ ಕೆಳದರ್ಜೆಯದು ಎಂಬುದು, ಮತ್ತು ಯಾವ ಮರ ಎಂಬುದಕ್ಕಿಂತ ಆ ಮರಕ್ಕೆ ಒಳಗಿನಿಂದ ಎಲ್ಲಿ ಆಸರೆ ಕೊಟ್ಟಿದ್ದೀರಿ ಎಂಬುದು ದನಿಯನ್ನು ಹೆಚ್ಚು ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ.

ಸಾಗವಾನಿಯ ಪರ ಮಾತಾಡುವವರು ಮುಂದಿಡುವ ದೊಡ್ಡ ಸಾಕ್ಷಿ ವಾದ್ಯಗಳದು. ವೀಣೆಯ ಕೊಡ ಹಲಸಿನದು, ಮೃದಂಗದ ಕಳಸವೂ ಹಲಸಿನದೇ, ತಬಲಾಕ್ಕೆ ಶೀಸಂ. ಶತಮಾನಗಳ ಕಿವಿ ಆರಿಸಿದ ಮರಗಳಿವು. ಹಾಗಿರುವಾಗ ಸಂಗೀತ ಕೇಳಿಸುವ ಪೆಟ್ಟಿಗೆಗೆ ಯಂತ್ರದಲ್ಲಿ ಒತ್ತಿದ ಹಲಗೆಯೇಕೆ ಎಂದು ಕೇಳುತ್ತಾರೆ. ಪ್ರಶ್ನೆ ಒಳ್ಳೆಯದು, ಆದರೆ ಉದಾಹರಣೆ ತಿರುಗುಬಾಣವಾಗುತ್ತದೆ. ವೀಣೆಯ ತಂತಿ ತಾನೊಂದೇ ಮಿಡಿದರೆ ಪಕ್ಕದ ಕೋಣೆಗೂ ಕೇಳಿಸದು. ಅದರ ಕಂಪನವನ್ನು ಕುದುರೆಯ ಮೂಲಕ ಪಡೆದು ಕೊಡ ತಾನೂ ನಡುಗಿ ಗಾಳಿಗೆ ದಾಟಿಸುತ್ತದೆ, ದಾಟಿಸುವಾಗ ಕೆಲವು ಸ್ವರಾಂಶಗಳನ್ನು ಎತ್ತಿ ಕೆಲವನ್ನು ಅಡಗಿಸಿ ತನ್ನ ಬಣ್ಣ ಹಚ್ಚುತ್ತದೆ. ಆ ಬಣ್ಣವೇ ವೀಣೆಯ ನಾದ. ಸ್ಪೀಕರಿನ ಕೆಲಸ ಇದಕ್ಕೆ ತಿರುವುಮುರುವು. ಧ್ವನಿಮುದ್ರಿಕೆಯೊಳಗೆ ಹಲಸಿನ ಬಣ್ಣ ಆಗಲೇ ಬಂದು ಕೂತಿದೆ. ಅದರ ಮೇಲೆ ಮತ್ತೊಂದು ಮರದ ಬಣ್ಣ ಬಳಿಯುವ ಅಧಿಕಾರ ಪೆಟ್ಟಿಗೆಗೆ ಇಲ್ಲ. ವೀಣೆ, ಶಹನಾಯಿ, ವಚನ, ವಾರ್ತೆ ಎಲ್ಲಕ್ಕೂ ಒಂದೇ ಪೆಟ್ಟಿಗೆ. ಅದಕ್ಕೊಂದು ಸ್ವಂತ ಶ್ರುತಿ ಇದ್ದರೆ ಎಲ್ಲದರ ಮೇಲೂ ಅದೇ ಶ್ರುತಿ ಸವಾರಿ ಮಾಡುತ್ತದೆ. ಬಡಿಗೇರರು ಹಲಗೆಯನ್ನು ಬೆರಳಗೆಣ್ಣಿನಿಂದ ತಟ್ಟಿ ಅದು ಗಣಗಣ ಅಂದರೆ ಗಟ್ಟಿ ಮರ ಎಂದು ಮೆಚ್ಚುತ್ತಾರಲ್ಲ, ಆ ಪರೀಕ್ಷೆಯಲ್ಲಿ ಗೆದ್ದ ಹಲಗೆ ನಮ್ಮ ಕೆಲಸಕ್ಕೆ ಸೋತಂತೆ.

ಪೆಟ್ಟಿಗೆ ಎಷ್ಟರ ಮಟ್ಟಿಗೆ ಹಾಡಬಲ್ಲದು ಎಂಬುದಕ್ಕೆ ಒಂದು ಲೆಕ್ಕ ಹಾಕಬಹುದು. 50 ಸೆಂ.ಮೀ. ಎತ್ತರ, 30 ಸೆಂ.ಮೀ. ಆಳ, 25 ಸೆಂ.ಮೀ. ಅಗಲದ ಸಾಮಾನ್ಯ ಪೆಟ್ಟಿಗೆ ಎಂದುಕೊಳ್ಳಿ. ಅದರಲ್ಲಿ ಆರೂವರೆ ಇಂಚಿನ ವೂಫರ್. ಆ ವೂಫರಿನ ಕಾಗದದ ಕೋನ್ ಸುಮಾರು 130 ಚದರ ಸೆಂ.ಮೀ. ವಿಸ್ತಾರದ್ದು; ಪೆಟ್ಟಿಗೆಯ ಆರು ಮೈಗಳನ್ನು ಕೂಡಿಸಿದರೆ 7000 ಚದರ ಸೆಂ.ಮೀ. ಐವತ್ತು ಪಟ್ಟಿಗೂ ಹೆಚ್ಚು. ಅಂದರೆ ಕೋನ್ ಆಡುವ ದೂರದ ಐವತ್ತರಲ್ಲಿ ಒಂದು ಪಾಲಿನಷ್ಟು ಹಲಗೆಗಳು ಒಟ್ಟಾಗಿ ಅದುರಿದರೂ ಸಾಕು, ಕೋಣೆಯಲ್ಲಿ ವೂಫರಿನ ಸಮಕ್ಕೆ ಮರವೂ ಮಾತಾಡುತ್ತದೆ. ಕೋನಿನ ಹಿಂಬದಿಯಿಂದ ಹೊರಟ ಒತ್ತಡ ಪೆಟ್ಟಿಗೆಯೊಳಗೇ ಬಂದಿಯಾಗಿರುವುದರಿಂದ ಹಲಗೆಗಳಿಗೆ ತಳ್ಳು ತಪ್ಪುವುದಿಲ್ಲ. ಎಲ್ಲ ಸ್ವರಕ್ಕೂ ಅವು ಸಮನಾಗಿ ಅದುರುವುದೂ ಇಲ್ಲ. ಪ್ರತಿ ಹಲಗೆಗೂ ಅದರ ಅಳತೆ, ದಪ್ಪ, ಬಿಗಿ, ತೂಕಕ್ಕೆ ತಕ್ಕಂತೆ ಒಂದು ಸಹಜ ಕಂಪನ ಇರುತ್ತದೆ. ಆ ಸ್ವರ ಬಂದಾಗ ಅದು ವಿಶೇಷವಾಗಿ ಮೈದುಂಬಿಕೊಳ್ಳುತ್ತದೆ.

ಈಗ ಮರಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 30 ಸೆಂ.ಮೀ.ಗೆ 50 ಸೆಂ.ಮೀ. ಅಳತೆಯ, 18 ಮಿ.ಮೀ. ದಪ್ಪದ ಪಕ್ಕದ ಹಲಗೆ. ಅಂಚುಗಳಲ್ಲಿ ಆಧಾರ, ನಡುವೆ ಏನೂ ಇಲ್ಲ. ಮರದ ನಾರನ್ನು ಪುಡಿಮಾಡಿ ಒತ್ತಿದ ಎಂಡಿಎಫ್ ಆದರೆ ಅದರ ಸಹಜ ಕಂಪನ 260 ಹರ್ಟ್ಜ್ ಆಸುಪಾಸಿಗೆ ಬರುತ್ತದೆ. ಸಾಧಾರಣ ಗುಣಮಟ್ಟದ ಪ್ಲೈವುಡ್ ಆದರೆ 300ರ ಹತ್ತಿರ. ಸಾಗವಾನಿಯದು? ಅಲ್ಲಿ ಉತ್ತರ ಒಂದಲ್ಲ, ಎರಡು. ಮರ ತನ್ನ ಎಳೆಯ ಉದ್ದಕ್ಕೆ ಬಲು ಬಿಗಿ, ಎಳೆಗೆ ಅಡ್ಡಲಾಗಿ ಅದರ ಹತ್ತರಲ್ಲಿ ಒಂದು ಪಾಲು ಬಿಗಿಯೂ ಕಷ್ಟ. ಕಟ್ಟಿಗೆಯನ್ನು ಉದ್ದಕ್ಕೆ ಸೀಳುವುದು ಸುಲಭ, ಅಡ್ಡ ಕಡಿಯುವುದು ಕಷ್ಟ ಎಂಬುದು ಗೊತ್ತಿರುವವರಿಗೆ ಇದು ಹೊಸದಲ್ಲ. ನೋಟಕ್ಕೆ ಚಂದವೆಂದು ಎಲ್ಲರೂ ಎಳೆಯನ್ನು ಪೆಟ್ಟಿಗೆಯ ಎತ್ತರದ ದಿಕ್ಕಿಗೇ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದಾಗ 30 ಸೆಂ.ಮೀ. ಅಗಲದ ದಿಕ್ಕಿನಲ್ಲಿ, ಎಲ್ಲಿ ಬಿಗಿ ಹೆಚ್ಚು ಬೇಕೋ ಅಲ್ಲೇ, ಮರ ಸೋಲುತ್ತದೆ. ಸಹಜ ಕಂಪನ 220ರ ಸುತ್ತಮುತ್ತ ಇಳಿಯುತ್ತದೆ. ಎಳೆಯನ್ನು ಅಡ್ಡ ತಿರುಗಿಸಿದರೆ 400ರವರೆಗೆ ಏರೀತು, ಆದರೆ ಹಾಗೆ ಮಾಡಿದ ಪೆಟ್ಟಿಗೆಯನ್ನು ಕಣ್ಣು ಒಪ್ಪುವುದಿಲ್ಲ, ಜೋಡಣೆಗಳೂ ಒಪ್ಪುವುದಿಲ್ಲ. ಪ್ಲೈವುಡ್ಡಿನ ಜಾಣ್ಮೆ ಇರುವುದೇ ಇಲ್ಲಿ. ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದರದು ಅಡ್ಡಕ್ಕೆ, ಹೀಗೆ ಹೆಣೆದು ಒತ್ತಿದ್ದರಿಂದ ಒಂದು ದಿಕ್ಕಿನ ದೌರ್ಬಲ್ಯವನ್ನು ಇನ್ನೊಂದು ದಿಕ್ಕು ತುಂಬಿಕೊಡುತ್ತದೆ. ಸಾಗವಾನಿ ಭಾರದ ಮರ, ಭಾರಕ್ಕೆ ಅದುರುವುದಿಲ್ಲ ಎಂಬ ಇನ್ನೊಂದು ನಂಬಿಕೆಯೂ ತೂಕದ ತಕ್ಕಡಿಯಲ್ಲಿ ನಿಲ್ಲುವುದಿಲ್ಲ. ಈ ಅಳತೆಯ ಪೆಟ್ಟಿಗೆ ಸಾಗವಾನಿಯಲ್ಲಿ ಏಳು ಕಿಲೋ ಚಿಲ್ಲರೆ, ಎಂಡಿಎಫ್‌ನಲ್ಲಿ ಎಂಟು ಕಿಲೋ. ಹಗುರ ಎಂದು ಹೀಗಳೆಯುವ ಪುಡಿ ಹಲಗೆಯೇ ಹೆಚ್ಚು ಭಾರ.

ಆದರೆ ಮರಗಳ ನಡುವಿನ ಈ ವ್ಯತ್ಯಾಸವೆಲ್ಲ ಒಂದು ಆಸರೆ ಪಟ್ಟಿಯ ಮುಂದೆ ಸಣ್ಣದು. ಅದೇ ಎಂಡಿಎಫ್ ಹಲಗೆಗೆ ಒಳಗಿನಿಂದ ನಡುಮಧ್ಯೆ ಒಂದು ಗಟ್ಟಿ ಪಟ್ಟಿಯನ್ನು ಅಡ್ಡ ಅಂಟಿಸಿ, ಎತ್ತರವನ್ನು ಎರಡು ಪಾಲು ಮಾಡಿದರೆ, 260 ಇದ್ದದ್ದು 470ಕ್ಕೆ ಏರುತ್ತದೆ. ಅಂಥದೇ ಪಟ್ಟಿಯನ್ನು ಅಡ್ಡಕ್ಕೆ ಬದಲು ಉದ್ದಕ್ಕೆ, ಮೇಲಿನಿಂದ ಕೆಳಗಿನವರೆಗೆ ಅಂಟಿಸಿ 30 ಸೆಂ.ಮೀ. ಅಗಲವನ್ನು ಎರಡು ಪಾಲು ಮಾಡಿದರೆ 840ರ ಹತ್ತಿರ ಹೋಗುತ್ತದೆ. ಮರ ಒಂದೇ, ಪಟ್ಟಿಯ ಬಗೆ ಒಂದೇ, ಉದ್ದ ಮಾತ್ರ ಕೊಂಚ ಹೆಚ್ಚು. ದಿಕ್ಕು ಬದಲಾಯಿಸಿದ್ದಕ್ಕೆ ಇಷ್ಟು ಫಲ. ಪಟ್ಟಿಯೂ ಕೊಂಚ ಬಾಗುವುದರಿಂದ ನಿಜದಲ್ಲಿ ಈ ಅಂಕಿಗಳು ತುಸು ಇಳಿಯುತ್ತವೆ, ಆದರೆ ಪ್ರಮಾಣ ಹೀಗೆಯೇ ಇರುತ್ತದೆ. ಆಸರೆ ಕೊಡದೆ ಹಲಗೆಯನ್ನೇ 25 ಮಿ.ಮೀ.ಗೆ ಏರಿಸಿದರೆ ಸಿಗುವುದು 360 ಅಷ್ಟೇ. ಅದರ ಜೊತೆಗೆ ಒಂದು ದಂಡವೂ ಇದೆ: ಹೊರಗಿನ ಅಳತೆ ಹಾಗೇ ಇಟ್ಟರೆ ಒಳಗಿನ ಗಾತ್ರ 26 ಲೀಟರಿನಿಂದ 22.5 ಲೀಟರಿಗೆ ಇಳಿಯುತ್ತದೆ. ಆಸ್ಟ್ರೇಲಿಯಾದ ಎಂಜಿನಿಯರ್ ಥೀಲ್ 1961ರಲ್ಲಿ, ಆಮೇಲೆ ಎಪ್ಪತ್ತರ ದಶಕದ ಆರಂಭದಲ್ಲಿ ಸ್ಮಾಲ್, ವೂಫರಿನ ಗುಣಗಳಿಗೂ ಪೆಟ್ಟಿಗೆಯ ಗಾತ್ರಕ್ಕೂ ಇರುವ ಸಂಬಂಧವನ್ನು ಸೂತ್ರಕ್ಕಿಳಿಸಿದ ಮೇಲೆ, ಒಳಗಾತ್ರ ಎಂಬುದು ಬಡಿಗೇರರ ಅಂದಾಜಿಗೆ ಬಿಡುವ ವಿಷಯವಾಗಿ ಉಳಿದಿಲ್ಲ. ದಪ್ಪ ಮರ ಹಾಕಿಸಿದೆ ಎಂದು ಹೆಮ್ಮೆಪಡುವವರು ಎಷ್ಟೋ ಸಲ ತಮ್ಮ ವೂಫರಿನ ಉಸಿರನ್ನೇ ಕಟ್ಟಿರುತ್ತಾರೆ.

220 ಇದ್ದರೇನು, 800 ಇದ್ದರೇನು, ಹೇಗೂ ಒಂದು ಕಡೆ ಅದುರಲೇಬೇಕಲ್ಲ ಎಂದು ಕೇಳಬಹುದು. ಎಲ್ಲಿ ಅದುರುತ್ತದೆ ಎಂಬುದೇ ಮುಖ್ಯ. ಗಂಡಸಿನ ಮಾತಿನ ಮೂಲ ಕಂಪನ 100ರಿಂದ 150 ಹರ್ಟ್ಜ್ ಒಳಗೆ, ಹೆಂಗಸಿನದು 200ರ ಆಚೀಚೆ. ಹಾಡಲು ಕೂತರೆ ಇಬ್ಬರೂ ಇದರ ಮೇಲಕ್ಕೆ ಹತ್ತುತ್ತಾರೆ. ಆಸರೆ ಇಲ್ಲದ ಹಲಗೆಯ ಸ್ವಂತ ಶ್ರುತಿ ಬಂದು ಕೂರುವುದು ಸರಿಯಾಗಿ ಇದೇ ಜಾಗದಲ್ಲಿ. ಈ ಸೀಮೆಯ ಹೆಸರನ್ನೇ ಹೊತ್ತ ಗಂಗೂಬಾಯಿ ಹಾನಗಲ್ ಅವರ ಮುದ್ರಿಕೆಗಳನ್ನು ನೆನೆಯಿರಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಆಳಕ್ಕಿಳಿದ ಆ ಕಂಠದ ಬಲವೆಲ್ಲ ಮಂದ್ರ ಮತ್ತು ಮಧ್ಯ ಸಪ್ತಕದಲ್ಲಿದೆ. ವಿಲಂಬಿತದಲ್ಲಿ ಅವರು ಒಂದು ಸ್ವರದ ಮೇಲೆ ನಿಂತಾಗ ಆ ಸ್ವರ ಹಲಗೆಯ ಸಹಜ ಕಂಪನಕ್ಕೆ ತಾಕಿತೋ, ಸ್ವರ ದಪ್ಪವಾಗಿ ಬೀಗುತ್ತದೆ. ಅವರು ಮುಂದೆ ಸರಿದ ಮೇಲೂ ಪೆಟ್ಟಿಗೆ ಅರೆಕ್ಷಣ ಅದನ್ನೇ ಗುನುಗುತ್ತದೆ. ಪಕ್ಕದ ಸ್ವರ ಮಾತ್ರ ಬಡಕಲು. ‘ಸಾಗವಾನಿ ಬಾಕ್ಸಿನ ದನಿ ತುಂಬಿಕೊಂಡು ಬರುತ್ತದೆ’ ಎಂಬ ಮೆಚ್ಚುಗೆಯ ಗುಟ್ಟು ಬಹುಪಾಲು ಇದೇ ಬೀಗು. ಹೊಸದರಲ್ಲಿ ಅದು ಹಿತ ಅನ್ನಿಸುತ್ತದೆ; ಎಲ್ಲ ಹಾಡಿನಲ್ಲೂ ಅದೇ ಕೇಳಿದಾಗ ಬೇಸರ ತರಿಸುತ್ತದೆ. ಸಹಜ ಕಂಪನವನ್ನು 800ರ ಮೇಲಕ್ಕೆ ತಳ್ಳಿದರೆ ಎರಡು ಲಾಭ. ಅಲ್ಲಿ ಪೆಟ್ಟಿಗೆಯೊಳಗೆ ತುಂಬಿದ ಹತ್ತಿ ಅಥವಾ ಗಾಜಿನ ಉಣ್ಣೆ ಒಳಗಿನ ಒತ್ತಡದ ಒಂದಿಷ್ಟು ಭಾಗವನ್ನು ಹೀರಬಲ್ಲದು, 200ರ ಹತ್ತಿರ ಅದರ ಆಟ ನಡೆಯದು. ಜೊತೆಗೆ ಅಷ್ಟು ಎತ್ತರದ ಕಂಪನದಲ್ಲಿ ಹಲಗೆ ಅಲುಗುವ ದೂರವೂ ತೀರ ಕಿರಿದು.

ಇನ್ನು ಋತುಮಾನ. ಬಂಕಾಪುರದ ಏಪ್ರಿಲ್ ಒಣ ಬಿಸಿಲಿನದು, ಜುಲೈ ಮಲೆನಾಡಿನ ಅಂಚಿನ ಜಿಟಿಜಿಟಿಯದು. ಮರ ಈ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ಕುಡಿದಾಗ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಉದ್ದಕ್ಕೆ ಕದಲುವುದಿಲ್ಲ. ಮರಗಳಲ್ಲಿ ಸಾಗವಾನಿ ಈ ವಿಷಯದಲ್ಲಿ ಸಭ್ಯವೇ ಹೌದು. ಆದರೂ 30 ಸೆಂ.ಮೀ. ಅಗಲದ ಹಲಗೆಯಲ್ಲಿ ತೇವ ಶೇಕಡಾ ಐದರಷ್ಟು ಏರಿಳಿದರೆ, ಮರವನ್ನು ಕೊಯ್ದ ರೀತಿಗೆ ತಕ್ಕಂತೆ ಒಂದೂವರೆಯಿಂದ 3 ಮಿ.ಮೀ.ವರೆಗೆ ಅಗಲ ಬದಲಾಗುತ್ತದೆ. ಬಾಗಿಲಿಗೆ ಇದು ಮಳೆಗಾಲದಲ್ಲಿ ತುಸು ಬಿಗಿಯುವ ಕಿರಿಕಿರಿ, ಅಷ್ಟೇ. ಪೆಟ್ಟಿಗೆಗೆ ಮಾರಕ, ಏಕೆಂದರೆ ಅಲ್ಲಿ ಅಂಟು ಹಚ್ಚಿ ಎಲ್ಲ ಕಡೆ ಹಿಡಿದಿಟ್ಟ ಹಲಗೆಗೆ ಉಬ್ಬಲು ಜಾಗವಿಲ್ಲ. ಕೂಡಿಸಿದ ಕಡೆ ಬಾಯಿ ಬಿಡುತ್ತದೆ, ಇಲ್ಲವೇ ಹಲಗೆಯೇ ಸೀಳುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಸಣ್ಣ ಮುಚ್ಚಿದ ಪೆಟ್ಟಿಗೆಯಿಂದ ಆಳದ ದನಿ ಹೊರಡಿಸಿ ತೋರಿಸಿದಾಗಿನಿಂದ ಮುಚ್ಚಿದ ಪೆಟ್ಟಿಗೆಯ ಲೆಕ್ಕ ನಿಂತಿರುವುದೇ ಒಳಗಿನ ಗಾಳಿ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ ಎಂಬುದರ ಮೇಲೆ. ಕೂದಲೆಳೆಯ ಬಿರುಕು ಬಿದ್ದರೂ ಗಾಳಿ ಅಲ್ಲಿಂದ ಸುಯ್ಯೆಂದು ಸೋರಿ ಸ್ಪ್ರಿಂಗು ಸಡಿಲಾಗುತ್ತದೆ. ಪ್ಲೈವುಡ್ಡಿನಲ್ಲಿ ಅಡ್ಡ ಪದರ ಉದ್ದ ಪದರವನ್ನು ಹಿಡಿದಿಟ್ಟಿರುವುದರಿಂದ ಈ ಉಬ್ಬರವಿಳಿತ ನಗಣ್ಯ.

ಸಾಗವಾನಿಯ ಪರವಾಗಿ ಇಲ್ಲಿ ಬರುವ ಗಟ್ಟಿ ಆಕ್ಷೇಪ ಗೆದ್ದಲು ಮತ್ತು ನೀರಿನದು, ಅದನ್ನು ತಳ್ಳಿಹಾಕಲಾಗದು. ಎಂಡಿಎಫ್ ಒಮ್ಮೆ ನೀರು ಕುಡಿದರೆ ಅಂಚು ಬನ್ನಿನಂತೆ ಉಬ್ಬಿ ಮತ್ತೆ ಹಿಂದಿನ ರೂಪಕ್ಕೆ ಬರುವುದಿಲ್ಲ. ಅಂಚಿಗೆ ಹೊಡೆದ ಸ್ಕ್ರೂ ಎರಡನೆಯ ಸಲ ಹಿಡಿಯುವುದಿಲ್ಲ. ಬಯಲುಸೀಮೆಯ ಪಕ್ಕಾ ಮನೆಯೊಳಗೆ ಅದು ನಡೆದೀತು, ಮಣ್ಣಿನ ಗೋಡೆಯ ಹಳೆ ಮನೆಗೆ, ಹಾನಗಲ್ ಕಡೆಯ ಮಳೆಗೆ ಅದನ್ನು ಸೂಚಿಸುವುದು ಮೋಸ. ಈ ಸೀಮೆಗೆ ಸರಿಯಾದದ್ದು ಬಿಡಬ್ಲ್ಯುಆರ್ ದರ್ಜೆಯ ಪ್ಲೈವುಡ್. ಐ.ಎಸ್. 303 ಗುರುತಿನಡಿ ಸಿಗುವ ಈ ದರ್ಜೆಯ ಅಂಟು ಕುದಿನೀರನ್ನೂ ತಾಳುವಂಥದ್ದು. ಅಂಗಡಿಯಲ್ಲಿ ‘ಕಮರ್ಷಿಯಲ್’ ಎಂದು ಕೊಡುವ ಎಂ.ಆರ್. ದರ್ಜೆ ಬರೀ ತೇವ ತಡೆಯಬಲ್ಲದು. ಗೆದ್ದಲಿಗೆ ಔಷಧಿ ಉಣಿಸಿದ ಹಲಗೆ ಕೇಳಿ ಪಡೆಯಬೇಕು, ಕೊಯ್ದ ಅಂಚುಗಳಿಗೆ ಬಣ್ಣ ಹಚ್ಚಬೇಕು, ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಕಾಲಿನ ಮೇಲೆ ನಿಲ್ಲಿಸಬೇಕು. ಎಂಟಕ್ಕೆ ನಾಲ್ಕು ಅಡಿಯ 18 ಮಿ.ಮೀ. ಹಾಳೆಯೊಂದರಲ್ಲಿ ಈ ಅಳತೆಯ ಎರಡು ಪೆಟ್ಟಿಗೆಯೂ ಆಸರೆ ಪಟ್ಟಿಗಳೂ ಆಗಿ ಇನ್ನೂ ತುಂಡು ಉಳಿಯುತ್ತದೆ. ಬಡಿಗೇರರ ತಟ್ಟುವ ಪರೀಕ್ಷೆ ಇಲ್ಲಿ ಬೇರೆ ಬಗೆಯಲ್ಲಿ ಕೆಲಸಕ್ಕೆ ಬರುತ್ತದೆ: ಹಾಳೆಯನ್ನು ಅಂಗುಲಂಗುಲ ತಟ್ಟುತ್ತ ಹೋದರೆ ಒಳಪದರ ಕೂಡದೆ ಪೊಳ್ಳಾದ ಜಾಗ ದನಿಯಲ್ಲೇ ಸಿಕ್ಕಿಬೀಳುತ್ತದೆ. ಅಂಥ ಪೊಳ್ಳಿನೊಳಗಿನ ಸಡಿಲ ಚೂರು ಆಮೇಲೆ ಜೀವಮಾನವಿಡೀ ಗಿರಗಿರ ಅನ್ನುತ್ತದೆ. ಪ್ಲೈವುಡ್ ಎಂದರೆ ಪೇಟೆಯ ನಕಲಿ ಮರ ಎಂಬ ತಾತ್ಸಾರಕ್ಕೂ ಆಧಾರವಿಲ್ಲ. ಹತ್ತಿರದ ದಾಂಡೇಲಿಯಲ್ಲೇ ಪ್ಲೈವುಡ್ ಕಾರ್ಖಾನೆ ಇತ್ತು. ಇದೊಂದರ ಸಂಶೋಧನೆಗೆಂದೇ ಬೆಂಗಳೂರಿನಲ್ಲಿ 1962ರಲ್ಲಿ ಸಂಸ್ಥೆ ತೆರೆಯಿತು.

ಓದಿಕೊಂಡವರು ಎತ್ತುವ ಆಕ್ಷೇಪ ಇನ್ನೂ ಸೂಕ್ಷ್ಮದ್ದು. ಬಿಬಿಸಿಯವರು ಎಪ್ಪತ್ತರ ದಶಕದಲ್ಲಿ ರೂಪಿಸಿದ, ಇಂದಿಗೂ ಜನ ಹುಡುಕಿ ಕೊಳ್ಳುವ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರಿನ ಗೋಡೆ ಬರೀ 12 ಮಿ.ಮೀ. ಬರ್ಚ್ ಪ್ಲೈವುಡ್ಡಿನದು. ಹಾಗಾದರೆ ಬಿಗಿ, ಆಸರೆ ಎಂಬ ಮಾತೆಲ್ಲ ಸುಳ್ಳೇ? ಅದೇ ಬಿಬಿಸಿಯ ಹಾರ್ವುಡ್ ಮತ್ತು ಮ್ಯಾಥ್ಯೂಸ್ 1977ರ ವರದಿಯಲ್ಲಿ ಇದರ ವಿವರಣೆ ಕೊಟ್ಟಿದ್ದಾರೆ. ಅವರು ಹಿಡಿದದ್ದು ಬೇರೆ ದಾರಿ: ಕಂಪನವನ್ನು ಮೇಲಕ್ಕೆ ತಳ್ಳುವ ಬದಲು ತೆಳು ಪ್ಲೈವುಡ್ಡಿನ ಒಳಮೈಗೆ ಡಾಂಬರಿನ ದಪ್ಪ ಪದರ ಅಂಟಿಸಿ ಕಂಪನವನ್ನು ಅಲ್ಲೇ ಕೊಲ್ಲುವುದು. ಹಲಗೆ ದಪ್ಪವಾದಷ್ಟೂ ಅಂಥ ಪದರದ ಹಿಡಿತ ಕಡಿಮೆಯಾಗುತ್ತದೆ, ಆದ್ದರಿಂದ ತೆಳು ಹಲಗೆ. ಎರಡು ದಾರಿಯೂ ಸಿಂಧುವೇ. ತಾರಸಿಗೆ ಹಾಸುವ ಡಾಂಬರು ಹಾಳೆ ಹಾವೇರಿ, ಹುಬ್ಬಳ್ಳಿಯಲ್ಲಿ ಸಿಗುವುದರಿಂದ ಈ ದಾರಿಯನ್ನೂ ಇಲ್ಲಿಯವರು ಹಿಡಿಯಬಹುದು, ಆಸರೆ ಪಟ್ಟಿಯ ಜೊತೆಗೂ ಸೇರಿಸಬಹುದು. ಗಮನಿಸಬೇಕಾದ್ದು, ಎರಡೂ ದಾರಿಗಳಲ್ಲಿ ಅಗಲದ ಗಟ್ಟಿಮರಕ್ಕೆ ಜಾಗವಿಲ್ಲ. ಭಾರಿ ಬೆಲೆಯ ಕೆಲವು ಯುರೋಪಿನ ಸ್ಪೀಕರುಗಳಲ್ಲಿ ಗಟ್ಟಿಮರ ಕಾಣುತ್ತದಲ್ಲ ಎಂದರೆ, ಅಲ್ಲಿ ಸಾಮಾನ್ಯವಾಗಿ ಕಿರಿದಾದ ತುಂಡುಗಳನ್ನು ಎಳೆಯ ದಿಕ್ಕು ಬದಲಿಸುತ್ತ ಅಂಟಿಸಿರುತ್ತಾರೆ. ಬಹುದುಬಾರಿಯ ಪ್ಲೈವುಡ್ ಅನ್ನಬಹುದು ಅದನ್ನು. (ಪಕ್ಕದ ಗೊಟಗೋಡಿಯ ಶಿಲ್ಪವನದಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಾಂಕ್ರೀಟಿನಲ್ಲಿ ಇಡೀ ಹಳ್ಳಿಯ ಬದುಕನ್ನೇ ಎರಕ ಹೊಯ್ದದ್ದನ್ನು ಕಂಡವರಿಗೆ ಕಾಂಕ್ರೀಟಿನ ಪೆಟ್ಟಿಗೆ ಏಕಾಗಬಾರದು ಎನ್ನಿಸಿದರೆ, ಆಗಬಹುದು. ಎತ್ತಲು ಇಬ್ಬರು ಬೇಕಾದೀತು, ಅಷ್ಟೇ.)

ಸಾಗವಾನಿ ಬೇಡವಾದರೆ ಬೀಟೆಯಾದರೂ ಆದೀತೇ ಎಂಬ ಆಸೆಯನ್ನಂತೂ ಬಿಡುವುದೇ ಸರಿ. ಸಾಗವಾನಿ, ಬೀಟೆ ಎರಡನ್ನೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೀಟೆಯ ಇಡೀ ಕುಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದಲ್ಲೂ ನಿರ್ಬಂಧಕ್ಕೆ ಒಳಪಟ್ಟಿದೆ. ಪ್ಲೈವುಡ್ಡಿನ ಬಾಳಿಕೆಯ ಬಗ್ಗೆ ಇನ್ನೂ ಅನುಮಾನವಿದ್ದರೆ, ಗಣಪತಿ ಹಬ್ಬಕ್ಕೆ, ಜಾತ್ರೆಗೆ ಟ್ರ್ಯಾಕ್ಟರಿನ ಮೇಲೇರುವ, ಜನ ‘ಡಾಲ್ಬಿ’ ಎಂದು ಕರೆಯುವ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ನೋಡಿದರೂ ಸಾಕು. ಏರಿಸಿ ಇಳಿಸಿ, ಮಳೆಯಲ್ಲಿ ನೆನೆಸಿ ದುಡಿಸುವ ಆ ಕಸುಬಿನವರು ಸಾಗವಾನಿಯನ್ನು ಹತ್ತಿರ ಸೇರಿಸುವುದಿಲ್ಲ, ಪ್ಲೈವುಡ್ಡನ್ನೇ ನಂಬುತ್ತಾರೆ.

ಹಳೆ ಮನೆ ಕೆಡವಿದಾಗ ಸಿಕ್ಕ ಸಾಗವಾನಿ ತೊಲೆ, ಬಾಗಿಲುವಾಡ ಮನೆಯಲ್ಲಿ ಇದ್ದೇ ಇದೆ, ಅದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಮಾತ್ರ ನನ್ನ ಉತ್ತರ ಸಾಗವಾನಿಯ ಪರ. ಅಗಲ ಹಲಗೆಯಾಗಿ ಸೋಲುವ ಮರ, ಎರಡು ಇಂಚಿಗೆ ಒಂದು ಇಂಚಿನ ಉದ್ದ ಪಟ್ಟಿಯಾಗಿ ಗೆಲ್ಲುತ್ತದೆ. ಆಸರೆ ಪಟ್ಟಿಗೆ ಬೇಕಾದ ಬಿಗಿ ಉದ್ದದ ದಿಕ್ಕಿನದು, ಅದೊಂದರಲ್ಲಿ ಸಾಗವಾನಿ ಪ್ಲೈವುಡ್ಡಿಗಿಂತ ಎಷ್ಟೋ ಮೇಲು. ಅಗಲ ಕಡಿಮೆಯಾದ್ದರಿಂದ ಉಬ್ಬುವುದೂ ಲೆಕ್ಕಕ್ಕಿಲ್ಲ. ದಶಕಗಳ ಕಾಲ ಸೂರಿನಡಿ ಒಣಗಿದ ಮರಕ್ಕೆ ತಿರುಚುವ ಚಾಳಿಯೂ ಹೋಗಿರುತ್ತದೆ. ತೊಲೆಯನ್ನು ಸಾಮಿಲ್ಲಿನಲ್ಲಿ ಪಟ್ಟಿಗಳಾಗಿ ಕೊಯ್ಸಿ, ಅಗಲಬದಿ ಹಲಗೆಗೆ ತಾಗುವ ಬದಲು ಕಿರುಬದಿ ತಾಗುವಂತೆ ಎದ್ದು ನಿಲ್ಲಿಸಿ ಅಂಟಿಸಬೇಕು. ಮಲಗಿಸಿದ ಪಟ್ಟಿಗಿಂತ ನಿಲ್ಲಿಸಿದ ಪಟ್ಟಿ ನಾಲ್ಕು ಪಟ್ಟು ಬಿಗಿ. ಕಣ್ಣಿಗೂ ಕಾಣಬೇಕೆಂಬ ಆಸೆ ಇದ್ದರೆ ಹೊರಮೈಗೆ ಸಾಗವಾನಿಯ ತೆಳು ವಿನಿಯರ್ ಸಾಕು. ಎದುರು ಹಲಗೆಯ ಮುಖದಲ್ಲಿ ಮಾತ್ರ ವೂಫರಿನ ತೂತು ಕೊರೆಯುವುದರಿಂದ ಅಲ್ಲಿ ಎರಡು ಪ್ಲೈ ಒಂದರ ಮೇಲೊಂದು ಅಂಟಿಸುವುದು ಲೇಸು.

ಈ ವಾದವನ್ನೆಲ್ಲ ಒಪ್ಪದವರಿಗೂ ಒಂದು ಪರೀಕ್ಷೆ ಮುಕ್ತವಾಗಿದೆ. ಹಿಂಬದಿಯ ಹಲಗೆಯನ್ನು ಅಂಟಿಸದೆ ರಬ್ಬರ್ ಪಟ್ಟಿ ಇಟ್ಟು ಸ್ಕ್ರೂ ಬಿಗಿದು, ಮೊಬೈಲಿನಿಂದ 100 ಹರ್ಟ್ಜ್‌ನಿಂದ 1000ದವರೆಗೆ ನಿಧಾನಕ್ಕೆ ಏರುವ ಒಂದೇ ಸ್ವರವನ್ನು ನುಡಿಸಿ, ಪಕ್ಕದ ಹಲಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂತರೆ ಆಯಿತು. ಯಾವ ಅಂಕಿಗೆ ಹಲಗೆ ಜುಮ್ಮೆನ್ನುತ್ತದೆ, ಹಲಗೆಯ ಯಾವ ಜಾಗದಲ್ಲಿ ಹೆಚ್ಚು ಎಂಬುದನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಂಡು, ಹಿಂಬದಿ ಬಿಚ್ಚಿ, ಆ ಗುರುತಿನ ಮೇಲೆ ಹಾಯುವಂತೆ ಉದ್ದಕ್ಕೆ ಒಂದು ಪಟ್ಟಿ ಅಂಟಿಸಿ, ಮತ್ತೆ ಮುಚ್ಚಿ ಕೇಳಬೇಕು. ಪಾಲಿಶ್ ಹಚ್ಚುವುದು ಅದಾದ ಮೇಲೆ.